ದಿಢೀರ್ ಅಂತ ಬಿಡಬೇಡಿ, ಮೊದಲು ಬನ್ನಿ

ಕುಡಿತ ಕೆಟ್ಟದ್ದು ಅಂತ ಕುಡಿಯುವವರಿಗೆ ಹೇಳಿಕೊಡಬೇಕಾಗಿಲ್ಲ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾನು ವ್ಯಸನ ಚಿಕಿತ್ಸೆಯಲ್ಲಿ ಕೆಲಸ ಮಾಡುವ ನರ್ಸ್. ಜಾಗೃತಿ ಸಭೆಗಳಿಗೆ ಹೋಗುವಾಗ ಹಾಳಾದ ಲಿವರಿನ ಚಿತ್ರ ಒಯ್ಯುವುದಿಲ್ಲ. ಅದನ್ನು ನೋಡಿ ಹೆದರುವವರು ಕುಡಿಯದವರು. ಕುಡಿಯುವವರು ಸುಮ್ನೆ ಎದ್ದು ಹೋಗುತ್ತಾರೆ.

ನಾನು ಶುರು ಮಾಡುವುದೇ ಹೀಗೆ: "ದಿನಾ ಜಾಸ್ತಿ ಕುಡಿಯುವವರು ನಾಳೆಯಿಂದ ಪೂರ್ತಿ ಬಿಡ್ತೀನಿ ಅಂತ ಮನೇಲಿ ಕೂರಬೇಡಿ. ಮೊದಲು ನಮ್ಮ ಹತ್ತಿರ ಬನ್ನಿ." ಬೇಡ ಅನ್ನುವ ಉಪದೇಶ ಕಾದು ಕೂತವರು ಆಗ ತಲೆ ಎತ್ತುತ್ತಾರೆ. ಆಮೇಲೆ ಕಾರಣ ಹೇಳುತ್ತೇನೆ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮೆದುಳಿಗೆ ಅದು ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರುತ್ತದೆ. 2-3 ದಿನ ಕಳೆದಾಗ ಇನ್ನು ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸುತ್ತದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಮನೆಯವರು ನಾಟಕ ಅಂದುಕೊಳ್ಳುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ವೈದ್ಯರ ನಿಗಾದಲ್ಲಿ ಡಯಾಜೆಪಾಮ್‌ನಂಥ ಮಾತ್ರೆ ಕೊಟ್ಟು, ದಿನದಿನಕ್ಕೆ ಇಳಿಸುತ್ತಾ, ಜೊತೆಗೆ ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಟ್ಟರೆ ಬಹುತೇಕರು ಈ ಹಂತ ದಾಟುತ್ತಾರೆ.

ಸಭೆ ಮುಗಿದ ಮೇಲೆ ಹೆಂಡತಿಯರು, ತಾಯಂದಿರು ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸೋ ಮಾತ್ರೆ ಇದೆಯಂತಲ್ಲಾ ಸಿಸ್ಟರ್?" ಅದು ಡೈಸಲ್ಫಿರಾಮ್. ಖಂಡಿತ ಬೇಡ ಅನ್ನುತ್ತೇನೆ. ಅದನ್ನು ತಿಂದು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯಬಹುದು. ರೋಗಿ ತಿಳಿದು, ಒಪ್ಪಿ ನುಂಗಬೇಕಾದ ಮಾತ್ರೆ ಅದು.

ಬನ್ನಿ ಅಂದ ಮೇಲೆ ಬರುವುದು ಸುಲಭ ಇರಬೇಕು, ಅಲ್ವಾ? ಅದಕ್ಕೇ ಬಿಪಿ, ಶುಗರ್ ನೋಡುವ ಕೋಣೆಯಲ್ಲೇ ಈ ಚಿಕಿತ್ಸೆಯನ್ನೂ ಇಟ್ಟೆವು. ಬೇರೆ ಬೋರ್ಡಿಲ್ಲ, ಬೇರೆ ಸಾಲಿಲ್ಲ. ದುಡಿಯುವವರಿಗಾಗಿ ಸಂಜೆಯೂ ಬಾಗಿಲು ತೆರೆದಿರುತ್ತದೆ. ಕುಡಿತ ಎಷ್ಟರ ಮಟ್ಟಿಗಿದೆ ಅಂತ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ 'ಆಡಿಟ್' ಪ್ರಶ್ನಾವಳಿಯ 10 ಪ್ರಶ್ನೆಗಳನ್ನು ಗಂಡಸರು, ಹೆಂಗಸರು ಅನ್ನದೆ ಎಲ್ಲರಿಗೂ ಕೇಳುತ್ತೇವೆ. ಹೆಂಗಸರ ಕುಡಿತ ನಮಗೆ ತಿಳಿದಿದ್ದೇ ಹಾಗೆ. ಅಲ್ಲಿಯವರೆಗೆ ಅವರು ನಿದ್ದೆ ಬರಲ್ಲ ಅಂತಷ್ಟೇ ಹೇಳುತ್ತಿದ್ದರು.

ಹೆರಾಯಿನ್ ಬಿಟ್ಟವರ ಮನೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಬಿಟ್ಟ ಮೇಲೆ ದೇಹದ ತಾಳಿಕೆ ಕುಗ್ಗಿರುತ್ತದೆ. ಹಳೇ ಪ್ರಮಾಣವನ್ನೇ ಮತ್ತೆ ತಗೊಂಡರೆ ಉಸಿರು ನಿಲ್ಲಬಹುದು. ಆಗ ತಕ್ಷಣ ಕೊಡುವ, ಹೆರಾಯಿನ್ ಪರಿಣಾಮ ತಡೆಯುವ ನಾಲೊಕ್ಸೋನ್ ಅನ್ನುವ ಔಷಧ ಜೀವ ಉಳಿಸುತ್ತದೆ. ಹೆರಾಯಿನ್ ಗುಂಪಿಗೇ ಸೇರಿದ, ಆದರೆ ಅದರ ಹಂಬಲ ತಗ್ಗಿಸುವ ಬುಪ್ರಿನಾರ್ಫಿನ್ ಔಷಧವನ್ನು ದೀರ್ಘಕಾಲ ಕೊಟ್ಟರೆ "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿಸ್ತೀರಿ" ಅನ್ನುವವರಿದ್ದಾರೆ. ವೈದ್ಯರಲ್ಲೂ ಇದ್ದಾರೆ! ಶುಗರ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಿಗೆ ಯಾರೂ ಹಾಗನ್ನುವುದಿಲ್ಲ.

ಬಿಟ್ಟವರು ಮತ್ತೆ ಕುಡಿದು ಬರುತ್ತಾರೆ. ನಾನು ಬೈಯುವುದಿಲ್ಲ. ಯಾವಾಗ, ಯಾರ ಜೊತೆ, ಅದಕ್ಕೆ ಮುಂಚೆ ಏನಾಗಿತ್ತು ಅಂತ ಕೇಳಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತೇನೆ. ಸಂಬಳದ ದಿನವೇ ಮತ್ತೆ ಕುಡಿಯುತ್ತಿದ್ದಾರೆ ಅಂತ ಗೊತ್ತಾದರೆ, ಮುಂದಿನ ಭೇಟಿಯನ್ನು ಆ ಸಂಜೆಗೇ ಹಾಕುತ್ತೇನೆ.