ಕೈದಿಯ ಸಿಟ್ಟು ಅಳೆಯುವಾಗ ಒಟ್ಟು ಅಂಕ ಸಾಲದು: ನನ್ನ ಅನುಭವ

ಮೈಸೂರು, ಮಂಡ್ಯ ಭಾಗದ ಕೈದಿಗಳ ಜೊತೆ ನಾನು ಬಳಸುವುದು ಎರಡು ಪ್ರಶ್ನಾವಳಿ. ಸ್ವಭಾವಕ್ಕೆ ಮನಶ್ಶಾಸ್ತ್ರಜ್ಞರಾದ ಐಸೆಂಕ್ ದಂಪತಿಯ 1975ರ 90 ಪ್ರಶ್ನೆಗಳು. ಆಕ್ರಮಣಶೀಲತೆಗೆ ಮನಶ್ಶಾಸ್ತ್ರಜ್ಞರಾದ ಅರ್ನಾಲ್ಡ್ ಬಸ್ ಮತ್ತು ಮಾರ್ಕ್ ಪೆರಿ 1992ರಲ್ಲಿ ತಂದ 29 ಹೇಳಿಕೆಗಳು: ಕೈ ಮಾಡುವುದಕ್ಕೆ 9, ಮಾತಿನ ಜಗಳಕ್ಕೆ 5, ಕೋಪಕ್ಕೆ 7, ಒಳಗೆ ಕುದಿಯುವ ಹಗೆಗೆ 8. ಪ್ರತಿ ಹೇಳಿಕೆಗೆ 1ರಿಂದ 5 ಅಂಕ, ಒಟ್ಟು ಅಂಕ 29ರಿಂದ 145ರವರೆಗೆ. ಈ ಒಟ್ಟು ಅಂಕವನ್ನೇ ನಂಬಿಕೊಂಡರೆ ಕೆಲಸ ಕೆಟ್ಟಿತು.

ಮೊದಲು ಓದಿ ಹೇಳುವ ವಿಚಾರ. ಓದು ಬಾರದವರಿಗೆ 1ರಿಂದ 5 ಎಂದರೆ ಅರ್ಥವಾಗುವುದಿಲ್ಲ. ತಳದಲ್ಲಿ ತೊಟ್ಟು ನೀರಿರುವ ಲೋಟದಿಂದ ತುಂಬಿದ ಲೋಟದವರೆಗೆ ಐದು ಚಿತ್ರ ಬರೆದ ಕಾರ್ಡ್ ಕೊಟ್ಟರೆ ಬೆರಳಿಟ್ಟು ತೋರಿಸುತ್ತಾರೆ. ಎಡವಟ್ಟಾಗುವುದು ತಿರುವು ಹೇಳಿಕೆಗಳಲ್ಲಿ, ಅಂದರೆ ಒಪ್ಪಿದಷ್ಟೂ ಆಕ್ರಮಣ ಕಡಿಮೆ ಎಂದು ತೋರಿಸುವ ಹೇಳಿಕೆಗಳಲ್ಲಿ. 'ಒಬ್ಬರನ್ನು ಹೊಡೆಯೋಕೆ ಸರಿಯಾದ ಕಾರಣ ಅಂತ ಯಾವುದೂ ಇಲ್ಲ' ಎಂದು ಓದಿದರೆ 'ಹೌದು' ಎನ್ನಬೇಕೋ 'ಇಲ್ಲ' ಎನ್ನಬೇಕೋ ತಿಳಿಯದೆ ತಡವರಿಸುತ್ತಾರೆ. ಹಾಗಾದಾಗ 'ಏನೇ ಆದರೂ ಹೊಡೆಯೋದು ತಪ್ಪು ಅನ್ನಿಸುತ್ತಾ?' ಎಂದು ಬಿಡಿಸಿ ಕೇಳುತ್ತೇನೆ. ಇಂಥ ಹೇಳಿಕೆಗೆ ಅಂಕ ಹಾಕುವಾಗ ಉತ್ತರವನ್ನು 6ರಿಂದ ಕಳೆಯಬೇಕು. ಇದನ್ನು ಮರೆತವರ ಲೆಕ್ಕ ತಲೆಕೆಳಗಾಗುತ್ತದೆ.

ವಾರ್ಡರ್ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ, ಮಾತು ಕಿವಿಗೆ ಬೀಳುವಷ್ಟು ಹತ್ತಿರ ಬೇಡ. ಹಾಳೆಯ ಮೇಲೆ ಹೆಸರು ಬೇಡ, ಕೋಡ್ ಸಾಕು. ಇದರಿಂದ ಜಾಮೀನಿಗೂ ಮಾಫಿಗೂ ಏನೂ ಆಗುವುದಿಲ್ಲ ಎಂದು ಮೊದಲೇ ಹೇಳಿಬಿಡಬೇಕು. ಕೋರ್ಟಿಗೆ ಹೋಗಿಬಂದ ದಿನ, ಮನೆಯವರು ನೋಡಲು ಬಂದ ದಿನ ಕೂರಿಸಬಾರದು: ಅವತ್ತಿನ ಉರಿ ಸ್ವಭಾವದ ಅಂಕಕ್ಕೆ ಸೇರಿಬಿಡುತ್ತದೆ. ವಿಚಾರಣಾಧೀನ ಕೈದಿಗಳು ಒಳ್ಳೆಯವರಾಗಿ ಕಾಣಲು ಬಯಸುವುದು ಸಹಜ. ಐಸೆಂಕ್ ಪಟ್ಟಿಯಲ್ಲಿ ಇಂಥ ನಟನೆಯನ್ನು ಹಿಡಿಯಲು ಇಟ್ಟ 21 'ಸುಳ್ಳು' ಪ್ರಶ್ನೆಗಳಲ್ಲಿ ಅಂಕ ಏರಿದ್ದರೆ ಹಾಳೆ ಎಸೆಯುವುದಿಲ್ಲ, ಹಿಸ್ಟರಿ ಟಿಕೆಟ್ಟಿನಲ್ಲಿ (ಜೈಲಿನಲ್ಲಿ ಪ್ರತಿ ಕೈದಿಗೆ ಇಡುವ ದಾಖಲೆ) ಜಗಳ ದಾಖಲಾಗಿದೆಯೇ ಎಂದು ತಾಳೆ ನೋಡುತ್ತೇನೆ.

ಆಕ್ರಮಣದ ನಾಲ್ಕು ಭಾಗಗಳ ಉಪ ಅಂಕಗಳನ್ನು ಬಿಡಿಸಿದಾಗಲೇ ಸ್ವಭಾವದ ಜೊತೆಗಿನ ನಂಟು ಕಾಣುವುದು. ಐಸೆಂಕ್ ಪಟ್ಟಿಯಲ್ಲಿ ಮನಸ್ಸಿನ ತಳಮಳ ಹೆಚ್ಚಿರುವವರಲ್ಲಿ ಕೋಪ, ಹಗೆ ಏರುತ್ತವೆ. ನಾಲೆ ನೀರಿಗೆ ಮಾತಿಗೆ ಮಾತು ಬೆಳೆದು ಗುದ್ದಲಿ ಎತ್ತುವ ಬಗೆ ಇದು. ಐಸೆಂಕ್ ಸೈಕೋಟಿಸಿಸಂ ಎಂದು ಕರೆದ ಗುಣ ಕೈ ಮಾಡುವ ಅಂಕದ ಜೊತೆ ಏರುತ್ತದೆ. ಹೆಸರು ಕೇಳಿ ಇದನ್ನು ಹುಚ್ಚು ಎಂದುಕೊಳ್ಳಬೇಡಿ; ಇದು ಕಲ್ಲು ಮನಸ್ಸು, ಹಿಂದುಮುಂದು ನೋಡದ ದುಡುಕು. ಲೆಕ್ಕ ಹಾಕಿ ಹೊಡೆಯುವವನಿಗಂತೂ ಕೋಪದ ಅಂಕ ಕಡಿಮೆಯೇ ಬರಬಹುದು. ಸಿಟ್ಟಿಗೆ ಹೊಡೆದವನು, ಲೆಕ್ಕ ಹಾಕಿ ಹೊಡೆದವನು, ಇಬ್ಬರ ಮೇಲೂ ಒಂದೇ ಕಲಂ ಇರಬಹುದು, ಆದ್ದರಿಂದ ಕೇಸಿನ ಕಲಂ ನೋಡಿ ಗುಂಪು ಮಾಡುವುದನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ಉಸಿರಾಡಿ ಸಿಟ್ಟು ಇಳಿಸುವ ತರಬೇತಿ ಮೊದಲನೆಯವನಿಗೆ ನಾಟುತ್ತದೆ. ಎರಡನೆಯವನಿಗೆ ಇಳಿಸಲು ಸಿಟ್ಟೇ ಇರುವುದಿಲ್ಲ. ಹೊಡೆದರೆ ಕೆಲಸ ಆಗುತ್ತದೆ ಎಂಬ ಅವನ ನಂಬಿಕೆಯ ಮೇಲೇ ಕೂತು ಮಾತಾಡಬೇಕು.