ಬ್ಯಾಟಿಂಗ್ ನಿಜಕ್ಕೂ ಚೇತರಿಸಿಕೊಂಡಿದೆಯಾ? ಬೇಸ್‌ಬಾಲ್ ಸೀಸನ್ ನಡುವೆ ಪತ್ತೆಹಚ್ಚುವ ಬಗೆ

ಮೊನ್ನೆ ಮೊನ್ನೆಯವರೆಗೆ ಎರಡು ರನ್ನಿಗೆ ಒದ್ದಾಡುತ್ತಿದ್ದ ತಂಡ ಇದ್ದಕ್ಕಿದ್ದಂತೆ ದಿನಾ ಏಳೆಂಟು ರನ್ ಬಾರಿಸಲು ಶುರುಮಾಡುತ್ತದೆ. ಹೊಸ ಬ್ಯಾಟಿಂಗ್ ಕೋಚ್ ಕಾರಣ ಎನ್ನುತ್ತಾರೆ ಒಬ್ಬರು. ಡಗೌಟಿನಲ್ಲಿ ಹುಟ್ಟಿಕೊಂಡ ಹೊಸ ಶಾಸ್ತ್ರ ಕಾರಣ ಎನ್ನುತ್ತಾರೆ ಇನ್ನೊಬ್ಬರು. ನನಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ನೋಡುವ ಹುಚ್ಚು, ಜೊತೆಗೆ ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟ. ಆ ನೋಟ್‌ಬುಕ್ಕಿನಲ್ಲಿ ರನ್ನಿಗೆ ಕಾಲಮ್ಮೇ ಇಲ್ಲ. ರನ್ ಅನ್ನುವುದು ತಡವಾಗಿ ಬರುವ ಸುದ್ದಿ. ಬ್ಯಾಟಿಂಗ್ ಸರಿಹೋಗುವುದು ಅದಕ್ಕೂ ಮೊದಲು ಬೇರೆ ಕಡೆ ಕಾಣಿಸುತ್ತದೆ.

ಸ್ಟ್ರೈಕ್‌ಔಟಿನಿಂದ, ಅಂದರೆ ಮೂರು ಸ್ಟ್ರೈಕ್ ಬಿದ್ದು ಬ್ಯಾಟರ್ ಔಟಾಗುವುದರಿಂದ ಶುರುಮಾಡಿ. ಬೀಸಿ ತಪ್ಪಿದರೆ, ಇಲ್ಲವೇ ಹೊಡೆಯಬಹುದಾದ ಚೆಂಡನ್ನು ಬಿಟ್ಟರೆ ಅದೊಂದು ಸ್ಟ್ರೈಕ್. ಒಂದು ಆಟದಲ್ಲಿ ಒಂದು ತಂಡದ ಬ್ಯಾಟರ್‌ಗಳು ಹೆಚ್ಚುಕಮ್ಮಿ 38 ಸಲ ಪ್ಲೇಟಿಗೆ (ಬ್ಯಾಟ್ ಮಾಡುವ ಜಾಗಕ್ಕೆ) ಬರುತ್ತಾರೆ. ಈಚಿನ ವರ್ಷಗಳಲ್ಲಿ ಅದರಲ್ಲಿ ಶೇ 22-23ರಷ್ಟು ಸ್ಟ್ರೈಕ್‌ಔಟಿನಲ್ಲಿ ಮುಗಿಯುತ್ತದೆ. ಅಂದರೆ ಆಟಕ್ಕೆ ಎಂಟು, ಎಂಟೂವರೆ. ನಿಮ್ಮ ತಂಡ ಹತ್ತರಿಂದ ಏಳಕ್ಕೆ ಇಳಿದು ಅಲ್ಲೇ ನಿಂತಿದೆ ಅಂದರೆ ಏನೋ ಬದಲಾಗಿದೆ ಅಂತಲೇ ಲೆಕ್ಕ. ಯಾಕಂದರೆ ಸ್ಟ್ರೈಕ್‌ಔಟ್ ಬಹುಮಟ್ಟಿಗೆ ಬ್ಯಾಟರ್ ಮತ್ತು ಚೆಂಡು ಎಸೆಯುವ ಪಿಚರ್ ನಡುವಿನ ವ್ಯವಹಾರ. ಫೀಲ್ಡರ್ ಎಲ್ಲಿ ನಿಂತಿದ್ದ, ಗಾಳಿ ಎತ್ತ ಬೀಸಿತು, ಇದ್ಯಾವುದೂ ಅದರೊಳಗೆ ಬರುವುದಿಲ್ಲ. ಒಬ್ಬ ಬ್ಯಾಟರ್‌ನ ಸ್ಟ್ರೈಕ್‌ಔಟ್ ದರ ನಂಬಬೇಕಾದರೆ ಅವನು ಸುಮಾರು 60 ಸಲವಾದರೂ ಪ್ಲೇಟಿಗೆ ಬಂದಿರಬೇಕು ಅನ್ನುವುದು ಅಂಕಿಅಂಶದವರ ಲೆಕ್ಕ. ದಿನವೂ ಆಡುವವನಿಗೆ ಅದು ಎರಡು ವಾರದ ಆಟ. ವಾಕ್‌ಗೆ (ನಾಲ್ಕು ಕೆಟ್ಟ ಎಸೆತ ಬಿಟ್ಟು ಮೊದಲ ಬೇಸ್ ಪುಕ್ಕಟೆ ಪಡೆಯುವುದು) ಅದರ ಎರಡು ಪಟ್ಟು ಬೇಕು. ಬ್ಯಾಟಿಂಗ್ ಸರಾಸರಿಗಾದರೆ (ಹೊಡೆದು ಬೇಸ್ ತಲುಪಿದ ಹಿಟ್‌ಗಳನ್ನು ಅಟ್-ಬ್ಯಾಟ್‌ಗಳಿಂದ, ಅಂದರೆ ವಾಕ್ ಮುಂತಾದವನ್ನು ಬಿಟ್ಟ ಸರದಿಗಳಿಂದ ಭಾಗಿಸಿದ್ದು) ಇಡೀ ಸೀಸನ್ನೂ ಸಾಲದು. ಆದರೂ ಟಿವಿಯಲ್ಲಿ ದಪ್ಪಕ್ಷರದಲ್ಲಿ ತೋರಿಸುವುದು ಆ ಸರಾಸರಿಯನ್ನೇ!

ಅಂಕಿ ನೋಡಲು ಬೇಜಾರು ಅನ್ನುವವರಿಗೆ ಕಣ್ಣಲ್ಲೇ ನೋಡುವ ದಾರಿಯೂ ಇದೆ. ಬ್ಯಾಟರ್ ಮೇಲೆ ಎರಡು ಸ್ಟ್ರೈಕ್ ಬಿದ್ದಾಗ ಪಿಚರ್ ಸಾಮಾನ್ಯವಾಗಿ ಕೆಳಗೆ, ಹೊರಗೆ ಜಾರುವ ಸ್ಲೈಡರ್ ಎಸೆಯುತ್ತಾನೆ. ಒದ್ದಾಡುವ ತಂಡ ಅದಕ್ಕೆ ಬ್ಯಾಟ್ ಬೀಸಿ ಬೆಂಚಿಗೆ ಮರಳುತ್ತದೆ. ಚೇತರಿಸಿಕೊಳ್ಳುವ ತಂಡ ಅದನ್ನು ಬಿಡುತ್ತದೆ, ಇಲ್ಲವೇ ಹೇಗೋ ಗೆರೆಯಾಚೆ ತಳ್ಳಿ, ಅಂದರೆ ಫೌಲ್ ಮಾಡಿ ಉಳಿದುಕೊಳ್ಳುತ್ತದೆ. ಇದಕ್ಕೊಂದು ಸುಲಭದ ಗುರುತು ಆಟದ ಅಂಕಪಟ್ಟಿಯಾದ ಬಾಕ್ಸ್ ಸ್ಕೋರಿನಲ್ಲೇ ಇದೆ. ಎದುರಾಳಿ ಸ್ಟಾರ್ಟರ್ (ಆಟ ಶುರುಮಾಡುವ ಪಿಚರ್) ಎಷ್ಟು ಚೆಂಡು ಎಸೆದ ನೋಡಿ. ಐದನೇ ಇನಿಂಗ್ಸ್ ಮುಗಿಯುವಷ್ಟರಲ್ಲಿ 90 ದಾಟಿ ಸುಸ್ತಾಗುತ್ತಿದ್ದಾನಾ? ಆಟ ಆಟಕ್ಕೂ ಹೀಗೇ ಆಗುತ್ತಿದ್ದರೆ, ಅವತ್ತು ರನ್ ಬರದಿದ್ದರೂ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಮುಂದಿನದು ಅದೃಷ್ಟದ ಲೆಕ್ಕ. ಬಾಬಿಪ್ ಅಂತ ಒಂದು ಸಂಖ್ಯೆ ಇದೆ. ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಅಂತ ಅದು ಹೇಳುತ್ತದೆ. ಹಿಟ್‌ಗಳಿಂದ ಹೋಮ್ ರನ್ (ಬೇಲಿಯಾಚೆ ಹೋದ ಹೊಡೆತ) ಕಳೆಯಿರಿ. ಅದನ್ನು ಅಟ್-ಬ್ಯಾಟ್‌ಗಳಿಂದ ಸ್ಟ್ರೈಕ್‌ಔಟ್ ಮತ್ತು ಹೋಮ್ ರನ್ ಕಳೆದು, ಸ್ಯಾಕ್ರಿಫೈಸ್ ಫ್ಲೈ (ಕ್ಯಾಚಾಗಿ ಔಟಾದರೂ ರನ್ ತಂದ ಹೊಡೆತ) ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ಇಡೀ ಲೀಗಿನಲ್ಲಿ ಇದು .290ರಿಂದ .300ರ ಆಸುಪಾಸಿನಲ್ಲೇ ಇರುತ್ತದೆ.

ಸುಮ್ನೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹತ್ತು ಆಟ, 340 ಅಟ್-ಬ್ಯಾಟ್, 3 ಸ್ಯಾಕ್ರಿಫೈಸ್ ಫ್ಲೈ. ಒಂದು ತಂಡಕ್ಕೆ 105 ಹಿಟ್, 8 ಹೋಮ್ ರನ್, 85 ಸ್ಟ್ರೈಕ್‌ಔಟ್. ಸರಾಸರಿ .309, ಬಲು ಜೋರು. ಆದರೆ ಬಾಬಿಪ್ ನೋಡಿ: 97 ಭಾಗಿಸು 250, ಅಂದರೆ .388. ಇಂಥದ್ದು ನಿಲ್ಲುವುದಿಲ್ಲ. ಇನ್ನೊಂದು ತಂಡಕ್ಕೆ 95 ಹಿಟ್, 15 ಹೋಮ್ ರನ್, 70 ಸ್ಟ್ರೈಕ್‌ಔಟ್. ಸರಾಸರಿ .279 ಮಾತ್ರ. ಬಾಬಿಪ್ 80 ಭಾಗಿಸು 258, ಅಂದರೆ .310. ನನ್ನ ಕೇಳಿದರೆ ಎರಡನೇ ತಂಡದ ಮೇಲೆ ನಂಬಿಕೆ ಇಡಿ ಅಂತೀನಿ.

ಬಾಬಿಪ್ ಜಾಸ್ತಿ ಇದ್ದ ಮಾತ್ರಕ್ಕೆ ಎಲ್ಲವೂ ಅದೃಷ್ಟವಲ್ಲ ಅನ್ನಿ. ಚೆಂಡಿಗೆ ಬಲವಾಗಿ ಹೊಡೆದರೂ ಅದು ಏರುತ್ತದೆ. 2015ರಿಂದ ಎಲ್ಲ ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಅನ್ನುವ ಅಳತೆ ವ್ಯವಸ್ಥೆ ಇದೆ. ಬ್ಯಾಟಿನಿಂದ ಹೊರಟ ಪ್ರತಿ ಚೆಂಡಿನ ವೇಗ ಅದರಲ್ಲಿ ಸಿಗುತ್ತದೆ. ಗಂಟೆಗೆ 95 ಮೈಲಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹಾರ್ಡ್ ಹಿಟ್. ಲೀಗಿನಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಹಾಗೆ ಇರುತ್ತವೆ. ಬಾಬಿಪ್ ಏರಿದ್ದು, ಹಾರ್ಡ್ ಹಿಟ್ ಇದ್ದಲ್ಲೇ ಇದ್ದರೆ ಹುಷಾರು.

ಈಗ ಎಲ್ಲರೂ ಮರೆಯುವ ಹೆಜ್ಜೆ: ಲೈನ್‌ಅಪ್ ಕಾರ್ಡನ್ನೇ, ಅಂದರೆ ಬ್ಯಾಟಿಂಗ್ ಕ್ರಮದ ಪಟ್ಟಿಯನ್ನೇ ಓದಿ. ತಿಂಗಳ ಹಿಂದಿನ ಹೆಸರುಗಳನ್ನೂ ಇವತ್ತಿನ ಹೆಸರುಗಳನ್ನೂ ಅಕ್ಕಪಕ್ಕ ಬರೆಯಿರಿ. 2024ರ ನ್ಯೂಯಾರ್ಕ್ ಮೆಟ್ಸ್ ಮೇ ಕೊನೆಯ ವಾರದಲ್ಲಿ 22 ಗೆದ್ದು 33 ಸೋತಿತ್ತು. ಕೊನೆಗೆ 89-73ರಲ್ಲಿ ಮುಗಿಸಿ ನ್ಯಾಷನಲ್ ಲೀಗ್ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ಫೈನಲ್ ತನಕ ಹೋಯಿತು. ಜನ ನೆನಪಿಟ್ಟುಕೊಂಡಿದ್ದು ಜೂನ್ 12ರಂದು ಆಟಕ್ಕೆ ಮುಂಚೆ ಶಾಸ್ತ್ರಕ್ಕೆ ಮೊದಲ ಚೆಂಡು ಎಸೆದ, ಮೆಕ್‌ಡೊನಾಲ್ಡ್ಸ್‌ನ ನೇರಳೆ ಬಣ್ಣದ ಗ್ರಿಮೇಸ್ ಗೊಂಬೆಯನ್ನು. ನನಗೂ ಆ ಗೊಂಬೆ ಇಷ್ಟವೇ. ಆದರೆ ಅದರ ಹಿಂದಿನ ದಿನ ಕ್ಯಾಚರ್ ಫ್ರಾನ್ಸಿಸ್ಕೋ ಆಲ್ವಾರೆಜ್ ಹೆಬ್ಬೆರಳ ಗಾಯ ವಾಸಿಯಾಗಿ ಮರಳಿದ್ದ. ಮೇ ತಿಂಗಳಲ್ಲೇ ಫ್ರಾನ್ಸಿಸ್ಕೋ ಲಿಂಡೋರ್‌ನನ್ನು ಲೈನ್‌ಅಪ್ಪಿನ ಮೊದಲ ಸ್ಥಾನಕ್ಕೆ ಏರಿಸಿದ್ದರು. ಮೈನರ್ ಲೀಗಿನಿಂದ ಕರೆಸಿಕೊಂಡ ಮಾರ್ಕ್ ವಿಯೆಂಟೋಸ್ ಆ ವರ್ಷ 27 ಹೋಮ್ ರನ್ ಹೊಡೆದ. ಗೊಂಬೆ ಬರುವ ಹೊತ್ತಿಗೆ ಲೈನ್‌ಅಪ್ಪೇ ಬೇರೆ ಆಗಿತ್ತು, ಅಲ್ವಾ?

2019ರ ವಾಷಿಂಗ್ಟನ್ ನ್ಯಾಷನಲ್ಸ್ ಕಥೆಯೂ ಹೀಗೇ. 19-31 ಇದ್ದವರು 93-69ಕ್ಕೆ ಬಂದು ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸನ್ನೇ ಗೆದ್ದರು. ಏಪ್ರಿಲ್ ಶುರುವಲ್ಲೇ ಬಂಟ್ ಮಾಡಲು (ಚೆಂಡನ್ನು ಬೀಸದೆ ಮೆಲ್ಲಗೆ ತಟ್ಟಲು) ಹೋಗಿ ಬೆರಳು ಮುರಿದುಕೊಂಡಿದ್ದ ಟ್ರೇ ಟರ್ನರ್ ಮೇ ನಡುವಿನಲ್ಲಿ ವಾಪಸ್ ಬಂದಿದ್ದ. 2021ರ ಅಟ್ಲಾಂಟಾ ಬ್ರೇವ್ಸ್ ಇನ್ನೊಂದು ಬಗೆ. ಜುಲೈಯಲ್ಲಿ ರೊನಾಲ್ಡ್ ಅಕುನಾ ಗಾಯಗೊಂಡ ಮೇಲೆ ನಾಲ್ಕು ಔಟ್‌ಫೀಲ್ಡರ್‌ಗಳನ್ನು ಬೇರೆ ತಂಡಗಳಿಂದ ತಂದರು. ಅವರಲ್ಲಿ ಹೋರ್ಹೆ ಸೋಲರ್ ಕ್ಯಾನ್ಸಸ್ ಸಿಟಿಯಲ್ಲಿ .192 ಹೊಡೆಯುತ್ತಿದ್ದವನು. ಕೊನೆಗೆ ವರ್ಲ್ಡ್ ಸೀರೀಸ್ ಎಂವಿಪಿ (ಸರಣಿಯ ಶ್ರೇಷ್ಠ ಆಟಗಾರ) ಆದ. ಹಳೆಯ ಬ್ಯಾಟರ್‌ಗಳು ಸುಧಾರಿಸುವುದು ಬೇರೆ, ಹೊಸಬರು ಬಂದು ತಂಡ ಸುಧಾರಿಸುವುದು ಬೇರೆ. ಎರಡನೆಯದು ಹೆಚ್ಚು ದಿನ ಉಳಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಸಲಕರಣೆಯ ಕಥೆಗಳಿಗೆ ಬೇಗ ಮರುಳಾಗಬೇಡಿ. 2025ರ ಮಾರ್ಚ್ 29ರಂದು ಯಾಂಕೀಸ್ ತಂಡ ಮಿಲ್ವಾಕಿ ವಿರುದ್ಧ ಒಂದೇ ಆಟದಲ್ಲಿ 9 ಹೋಮ್ ರನ್ ಹೊಡೆದು 20-9ರಲ್ಲಿ ಗೆದ್ದಿತು. ಮರುದಿನ ಎಲ್ಲರ ಬಾಯಲ್ಲೂ ಟಾರ್ಪೆಡೋ ಬ್ಯಾಟು, ಅಂದರೆ ತುದಿಗಿಂತ ಹಿಡಿಯ ಕಡೆಗೆ ಸರಿದು ದಪ್ಪವಾಗಿರುವ ಬ್ಯಾಟು. ಅವತ್ತು ಮೂರು ಹೊಡೆದ ಆರನ್ ಜಡ್ಜ್ ಕೈಯಲ್ಲಿದ್ದದ್ದು ಮಾಮೂಲಿ ಬ್ಯಾಟು!

ಜಡ್ಜ್ ಹೆಸರು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. 2024ರ ಮೇ ಶುರುವಲ್ಲಿ ಅವನ ಸರಾಸರಿ .200ರ ಆಸುಪಾಸಿನಲ್ಲಿತ್ತು. ಸೀಸನ್ ಮುಗಿದಾಗ .322, ಹೋಮ್ ರನ್ 58. ಏಪ್ರಿಲ್ ಚಳಿಯಲ್ಲಿ ಬರೆದ ತೀರ್ಪುಗಳನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಬೆಚ್ಚಗಿನ ಗಾಳಿಯಲ್ಲಿ ಚೆಂಡು ಇನ್ನೂ ದೂರ ಹೋಗುತ್ತದೆ, ಹಾಗಾಗಿ ಜೂನ್ ಬಂದರೆ ಎಲ್ಲ ತಂಡಗಳೂ ಒಂದಿಷ್ಟು ಚೇತರಿಸಿಕೊಂಡಂತೆ ಕಾಣುತ್ತವೆ. ಲೀಗಿನ ಸರಾಸರಿಯೂ ಏರಿದೆಯಾ ಅಂತ ಹೋಲಿಸಿ ನೋಡಿ.

ಇನ್ನು ಕಳೆಯಬೇಕಾದವು. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ ಒಂದು ಮೈಲಿ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುವ ಅಲ್ಲಿನ ಆಟಗಳನ್ನು ಪಕ್ಕಕ್ಕಿಡಿ. ಆಟ ಏಕಪಕ್ಷೀಯವಾದಾಗ ಪಿಚರ್ ಅಲ್ಲದವರು ಬಂದು ಎಸೆದ ಇನಿಂಗ್ಸ್‌ಗಳನ್ನೂ ತೆಗೆದುಬಿಡಿ. ಎಂಟು ರನ್ ಹಿಂದಿರುವ ತಂಡ ಹಾಗೆ ಮಾಡಬಹುದು ಅಂತ 2023ರಿಂದ ನಿಯಮವೇ ಇದೆ. ಅಂಥವರ ಎದುರು ಹೊಡೆದ ಹೋಮ್ ರನ್ ಯಾವ ಲೆಕ್ಕಕ್ಕೂ ಬೇಡ.

ಇಷ್ಟೆಲ್ಲ ಆದ ಮೇಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ. ಎದುರಾಳಿಗಳೂ ಸುಮ್ಮನೆ ಕೂರುವವರಲ್ಲ. ಫಾಸ್ಟ್‌ಬಾಲ್ ಹೊಡೆಯುತ್ತಾರೆ ಅಂತ ಗೊತ್ತಾದರೆ ಮೊದಲ ಎಸೆತವೇ ಸ್ಲೈಡರ್ ಆಗುತ್ತದೆ. ತನ್ನ ಡಿವಿಷನ್ನಿನ (ಲೀಗಿನೊಳಗಿನ ಗುಂಪಿನ) ಪ್ರತಿ ತಂಡದ ಜೊತೆ ಸೀಸನ್ನಿಗೆ 13 ಆಟ ಇರುವುದರಿಂದ ಅದೇ ಪಿಚರ್‌ಗಳು ಮತ್ತೆ ಎದುರಾಗುತ್ತಾರೆ. ವೇಳಾಪಟ್ಟಿಯಲ್ಲಿ ಅವರ ಜೊತೆಗಿನ ಮುಂದಿನ ಸರಣಿಗೆ ಗುರುತು ಹಾಕಿ. ಅಲ್ಲಿಯೂ ಬ್ಯಾಟರ್‌ಗಳು ಮೊದಲ ಸ್ಲೈಡರನ್ನು ಬಿಟ್ಟು 1-0 (ಒಂದು ಕೆಟ್ಟ ಎಸೆತ, ಸೊನ್ನೆ ಸ್ಟ್ರೈಕ್) ಮಾಡಿಕೊಳ್ಳುತ್ತಿದ್ದಾರಾ ಅಂತ ನೋಡಿ. ಸ್ಟ್ರೈಕ್‌ಔಟ್ ಮತ್ತೆ ಹತ್ತಕ್ಕೆ ಏರಿದರೆ ಹೊಸ ಪುಟ ತೆಗೆದು ಮೊದಲಿಂದ ಎಣಿಸಲು ಶುರುಮಾಡಿ.