ಲಾಟೀನು ಹೊಗೆಯಾಡದಂತೆ ಉರಿಸುವ ಬಗೆ

ಮೊದಲು ಅಂಗಡಿಯ ವಿಷಯ. ಗಾಜು ಬೇಕಿದ್ದರೆ "ಲಾಟೀನಿನ ಗಾಜು" ಎಂದೇ ಕೇಳಿ. ಬರೀ ಚಿಮಣಿ ಎಂದರೆ ಕೆಲವೆಡೆ ಗಾಜಿನ ಬುರುಡೆ, ಕೆಲವೆಡೆ ಗಾಜೇ ಇಲ್ಲದ ಪುಟ್ಟ ಬುಡ್ಡಿದೀಪ. ಕಂದೀಲು ಎಂದರೆ ಬೆಳಗಾವಿ ಕಡೆ ಲಾಟೀನೂ ಹೌದು, ದೀಪಾವಳಿಯ ಆಕಾಶಬುಟ್ಟಿಯೂ ಹೌದು. ಬತ್ತಿ ತರುವಾಗ ಹಳೆಯದರ ತುಂಡೊಂದನ್ನು ಒಯ್ಯಿರಿ. ಅಗಲ ಹೆಚ್ಚಾದರೆ ಬತ್ತಿ ಬರ್ನರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಉರಿ ಒಂದು ಪಕ್ಕಕ್ಕೆ ವಾಲುತ್ತದೆ.

ಟ್ಯಾಂಕಿಗೆ ಮುಕ್ಕಾಲು ಭಾಗ ಸೀಮೆಎಣ್ಣೆ ಸಾಕು. ಬಿಸಿಗೆ ಎಣ್ಣೆ ಹಿಗ್ಗುವುದರಿಂದ ಕಂಠದವರೆಗೆ ತುಂಬಿದರೆ ಹೊರಗೆ ಜಿನುಗುತ್ತದೆ. ಪೆಟ್ರೋಲನ್ನು ಒಂದು ಹನಿಯೂ ಬೆರೆಸಬೇಡಿ. ಅದರ ಆವಿಗೆ ಎಂಥ ಚಳಿಯಲ್ಲೂ ಬೆಂಕಿ ಹತ್ತುತ್ತದೆ, ಲಾಟೀನೇ ಸಿಡಿಯಬಹುದು. ಹೊಸ ಬತ್ತಿಯಾದರೆ 15 ನಿಮಿಷ ನೆನೆಯಲು ಬಿಟ್ಟು ಆಮೇಲೆ ಕಡ್ಡಿ ಗೀರಿ. ಒಣ ಬತ್ತಿಗೆ ಬೆಂಕಿ ಇಟ್ಟರೆ ಎಣ್ಣೆಯ ಬದಲು ನೂಲೇ ಸುಡುತ್ತದೆ.

ಹೊಗೆಯ ದೂರು ಬಂದಾಗೆಲ್ಲ ಮೊದಲು ಬತ್ತಿಯ ತುದಿ ನೋಡಿ. ಹರಿತವಾದ ಕತ್ತರಿಯಿಂದ ಕರಕಲನ್ನು ನೇರಕ್ಕೆ ಕತ್ತರಿಸಿ, ಎರಡು ಮೂಲೆಗಳನ್ನೂ ಕೂದಲೆಳೆಯಷ್ಟು ಚಿವುಟಿ. ಒಂದೇ ಒಂದು ನೂಲಿನೆಳೆ ಮೇಲೆ ನಿಂತಿದ್ದರೂ ಉರಿಗೆ ಕೋಡು ಮೂಡಿ, ಗಾಜು ಅದೇ ಪಕ್ಕದಲ್ಲಿ ಕಪ್ಪಾಗುತ್ತದೆ. ಬತ್ತಿ ಸರಿಯಿದ್ದೂ ಹೊಗೆ ಬಂದರೆ ತಪ್ಪು ಗಾಳಿಯದು: ಬರ್ನರಿನ ಸಣ್ಣ ತೂತುಗಳಲ್ಲಿ ಮಸಿಯೋ ಸತ್ತ ಹುಳುವೋ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಪಕ್ಕದ ಎರಡು ಕೊಳವೆಗಳಲ್ಲಿ ಜೇಡ ಬಲೆ ಕಟ್ಟಿದ್ದರೆ ಅದನ್ನೂ ಬಿಡಿಸಿ, ಉರಿಗೆ ಗಾಳಿ ಇಳಿಯುವ ದಾರಿ ಅದೇ. ಉರಿ ಚಟಚಟ ಎಂದರೆ ಎಣ್ಣೆಯಲ್ಲಿ ನೀರು ಸೇರಿದೆ. ಟ್ಯಾಂಕು ಬರಿದು ಮಾಡಿ ಒಣಗಿಸಿ, ಬತ್ತಿಯನ್ನೂ ಬಿಸಿಲಿಗೆ ಹಾಕಿ.

ಹಚ್ಚಿದ ಕೂಡಲೇ ಉರಿ ಏರಿಸಬೇಡಿ. ಗಾಜು ಕೆಳಗಿಳಿಸಿ ಸರಿಯಾಗಿ ಕೂರಿಸಿ, ಐದು ನಿಮಿಷ ಸಣ್ಣಗೆ ಉರಿಯಲಿ. ಗಾಜು ಒಡೆಯುವುದು ಹೆಚ್ಚಾಗಿ ಈ ಆತುರದಿಂದ, ಇಲ್ಲವೇ ಕಾದ ಗಾಜಿಗೆ ಮಳೆಹನಿ ಬಿದ್ದು. ತೊಳೆಯುವುದಿದ್ದರೆ ಪೂರ್ತಿ ತಣಿದ ಮೇಲೆ. ದಿನನಿತ್ಯಕ್ಕೆ ಜರಡಿ ಹಿಡಿದ ಬೂದಿ ಮತ್ತು ಹಳೆಯ ಪತ್ರಿಕೆಯ ಕಾಗದವೇ ಚೆನ್ನ.

ಆರಿಸಲು ಬತ್ತಿ ಇಳಿಸಿ, ಉರಿ ನಂದಿದೊಡನೆ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಬತ್ತಿ ತನ್ನನ್ನು ಏರಿಸಿ ಇಳಿಸುವ ಚಕ್ರದ ಹಲ್ಲು ತಪ್ಪಿ ಟ್ಯಾಂಕಿನೊಳಗೆ ಬೀಳುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಲಾಟೀನು ಉರಿಸಿಟ್ಟು ಮಲಗುವುದು ಜೀವಕ್ಕೆ ಅಪಾಯ, ವಿಷಗಾಳಿಗೆ ವಾಸನೆಯೇ ಇರುವುದಿಲ್ಲ. ಮಳೆಗಾಲ ಮುಗಿದು ಅಟ್ಟಕ್ಕೆ ಸೇರಿಸುವ ಮುನ್ನ ಎಣ್ಣೆ ಬರಿದು ಮಾಡಿ. ಇಲ್ಲದಿದ್ದರೆ ಬತ್ತಿಯ ಮೂಲಕ ಅದು ನಿಧಾನಕ್ಕೆ ಹೊರಗೆ ಹರಿದು ಲಾಟೀನಿನ ಮೈಯೆಲ್ಲ ಜಿಡ್ಡಾಗುತ್ತದೆ.